ಏಳು ಸಭೆಗಳ ಪ್ಯಾಕೇಜ್ ಟೂರ್: ಕಾಸಿಗೆ ತಕ್ಕ ಕಜ್ಜಾಯ ಸಿಗುವುದು ಯಾವ ಊರಲ್ಲಿ?

ಪಶ್ಚಿಮ ಟರ್ಕಿಯ ‘ಸೆವೆನ್ ಚರ್ಚಸ್’ ಪ್ರವಾಸವನ್ನು ಹತ್ತಾರು ಏಜೆನ್ಸಿಗಳು ಮಾರುತ್ತವೆ. ಹೆಸರು, ಹೋಟೆಲ್ಲು ಬೇರೆಯಾದರೂ ಸರಕು ಹೆಚ್ಚುಕಡಿಮೆ ಒಂದೇ. ಇಜ್ಮಿರ್‌ನಲ್ಲಿ ಇಳಿಯುವುದು, ಮೂರು ರಾತ್ರಿ ನಾಲ್ಕು ಹಗಲು, ಒಟ್ಟು ಸುಮಾರು 650 ಕಿ.ಮೀ. ಬಸ್ ಪ್ರಯಾಣ, ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2 ಮತ್ತು 3ನೇ ಅಧ್ಯಾಯಗಳಲ್ಲಿ ಯೋಹಾನನು ಒಂದೊಂದು ಪತ್ರ ಬರೆದ ಏಳು ಊರು. ಈ ವಿಮರ್ಶೆ ಒಂದು ಏಜೆನ್ಸಿಯದ್ದಲ್ಲ, ಎಲ್ಲರೂ ಮಾರುವ ಆ ಸಿದ್ಧ ಕಾರ್ಯಕ್ರಮದ್ದು.

ಮೊದಲ ತಕರಾರು ಹೆಸರಿನದೇ. ‘ಚರ್ಚ್’ ಎಂದು ಬರೆದಿರುವುದರಿಂದ ಹೋದವರೆಲ್ಲ ಚರ್ಚಿನ ಗೋಡೆ ಹುಡುಕುತ್ತಾರೆ, ಗೈಡುಗಳೂ ಸಿಕ್ಕಿದ ಗೋಡೆಯನ್ನೇ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಕನ್ನಡ ಸತ್ಯವೇದ (ಬೈಬಲ್) ಓದಿದವರಿಗೆ ಈ ಗೊಂದಲ ಇರಬಾರದು. ನಮ್ಮಲ್ಲಿ ಅದು ‘ಸಭೆ’, ಅಂದರೆ ಕೂಡಿದ ಜನ. ಪ್ರಕಟನೆ ಬರೆದದ್ದು ಕ್ರಿ.ಶ. 95ರ ಆಸುಪಾಸಿನಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆಗ ವಿಶ್ವಾಸಿಗಳು ಸೇರುತ್ತಿದ್ದುದು ಮನೆಗಳಲ್ಲಿ. ಹಾಗಾಗಿ ಯೋಹಾನನ ಕಾಲದ ಚರ್ಚು ಕಟ್ಟಡ ಏಳೂ ಊರಲ್ಲಿ ಒಂದೂ ಇಲ್ಲ, ಹುಡುಕುವುದು ದಂಡ. ಸಿಗುವುದು ಊರು: ಅದರ ನೀರು, ಗುಡ್ಡ, ಕಸುಬು, ಭೂಕಂಪದ ಗಾಯ. ಪತ್ರಗಳು ಮಾತಾಡುವುದೂ ಈ ಭಾಷೆಯಲ್ಲೇ. ಊರನ್ನು ತೋರಿಸುವ ಟೂರ್ ಒಳ್ಳೆಯದು, ಗೋಡೆ ತೋರಿಸುವುದು ದುಬಾರಿ. ನಮ್ಮ ಅಳತೆಗೋಲು ಇಷ್ಟೇ.

ಸಿದ್ಧ ಕಾರ್ಯಕ್ರಮ ಹೀಗಿರುತ್ತದೆ. ಮೊದಲ ದಿನ ಇಜ್ಮಿರ್ (ಸ್ಮುರ್ನ) ಮತ್ತು ಬೆರ್ಗಾಮಾ (ಪೆರ್ಗಮ). ಎರಡನೇ ದಿನ ಅಖಿಸಾರ್ (ಥುವತೈರ), ಸಾರ್ತ್ (ಸಾರ್ದಿಸ್), ಅಲಾಶೆಹಿರ್ (ಫಿಲದೆಲ್ಫಿಯ), ರಾತ್ರಿ ಪಮುಕ್ಕಲೆಯಲ್ಲಿ. ಮೂರನೇ ದಿನ ಲವೊದಿಕೀಯ, ಪಮುಕ್ಕಲೆ, ಸಂಜೆಗೆ ಕರಾವಳಿಯ ಕಡೆ. ನಾಲ್ಕನೇ ದಿನ ಸೆಲ್ಚುಕ್ ಪಕ್ಕದ ಎಫೆಸ. ಪುಸ್ತಕದಲ್ಲಿ ಮೊದಲು ಬರುವ ಎಫೆಸ ಇಲ್ಲಿ ಕೊನೆಗೆ ಬರುತ್ತದೆ. ಅದು ದೊಡ್ಡ ದೋಷವಲ್ಲ, ಸುತ್ತು ಒಂದೇ. ಎಫೆಸದಿಂದ ಉತ್ತರಕ್ಕೆ ಕರಾವಳಿ ಹಿಡಿದು ಪೆರ್ಗಮದವರೆಗೆ, ಅಲ್ಲಿಂದ ಆಗ್ನೇಯಕ್ಕೆ ತಿರುಗಿ ಒಳನಾಡಿಗೆ. ಪತ್ರ ಹೊತ್ತವನು ನಡೆದ ದಾರಿಯ ಕ್ರಮದಲ್ಲೇ ಊರುಗಳ ಪಟ್ಟಿ ಇದೆ ಎಂಬ ವಾದವನ್ನು ವಿದ್ವಾಂಸ ವಿಲಿಯಂ ರ‍್ಯಾಮ್ಸೆ 1904ರಲ್ಲೇ ಮುಂದಿಟ್ಟಿದ್ದರು. ಬಸ್ಸಿನ ಕಿಟಕಿಯಲ್ಲಿ ನಕ್ಷೆ ಹಿಡಿದು ಕೂತರೆ ಆ ವಾದ ಏಕೆ ನಿಂತಿದೆ ಎಂಬುದು ತಾನೇ ತಿಳಿಯುತ್ತದೆ.

ನಾಲ್ಕು ದಿನದ ಪೂರ್ತಿ ಬೆಲೆ ಒಂದೇ ಊರಲ್ಲಿ ತೀರುವುದಾದರೆ ಅದು ಲವೊದಿಕೀಯ. ದುರದೃಷ್ಟಕ್ಕೆ ಇಲ್ಲೇ ಟೂರ್ ಅತಿ ಹೆಚ್ಚು ಕೈಕೊಡುತ್ತದೆ. ಹತ್ತು ಕಿ.ಮೀ. ಉತ್ತರಕ್ಕೆ ಪಮುಕ್ಕಲೆಯ ಬಿಳಿ ಸುಣ್ಣದ ಇಳಿಜಾರು ಕಾಣುತ್ತದೆ. ಅದಕ್ಕೆ ಮೂರು ಗಂಟೆ ಬೇಕು ಎಂದು ಲವೊದಿಕೀಯಕ್ಕೆ 45 ನಿಮಿಷ ಕೊಡುತ್ತಾರೆ. ಕನಿಷ್ಠ ಎರಡು ಗಂಟೆ ಕೇಳಿ ಪಡೆಯಬೇಕು.

ಗೈಡುಗಳ ಸಿದ್ಧ ಮಾತು ಹೀಗೆ: ಹಿಯರಾಪೊಲಿಯಿಂದ (ಇಂದಿನ ಪಮುಕ್ಕಲೆ) ಬಿಸಿನೀರು, ಹತ್ತಿರದ ಕೊಲೊಸ್ಸೆ ಊರಿನಿಂದ ತಣ್ಣೀರು ಕೊಳವೆಯಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಉಗುರುಬೆಚ್ಚಗಾಗುತ್ತಿತ್ತು, ಅದಕ್ಕೇ ಪತ್ರದಲ್ಲಿ ‘ನೀನು ಉಗುರುಬೆಚ್ಚಗಿರುವುದರಿಂದ ನಿನ್ನನ್ನು ಬಾಯೊಳಗಿಂದ ಕಾರುವೆನು’ ಎಂಬ ಮಾತು. ಕೇಳಲು ಚೆಂದ, ಆದರೆ ಕೊಳವೆಯ ದಾರಿ ಬೇರೆ ಹೇಳುತ್ತದೆ. ಊರಿಗೆ ನೀರು ಬರುತ್ತಿದ್ದುದು ದಕ್ಷಿಣದ ಬುಗ್ಗೆಗಳಿಂದ, ಇಂದಿನ ಡೆನಿಜ್ಲಿ ಕಡೆಯಿಂದ. ಊರಿಗೆ ಮುಟ್ಟುವ ಮುನ್ನ ನೀರು ತಗ್ಗಿಗಿಳಿದು ಒತ್ತಡದಿಂದಲೇ ಮತ್ತೆ ದಿಣ್ಣೆ ಹತ್ತಬೇಕಿತ್ತು. ಅದಕ್ಕಾಗಿ ಕಲ್ಲನ್ನು ಕೊರೆದು ಒಂದಕ್ಕೊಂದು ಜೋಡಿಸಿದ ಎರಡು ಸಾಲು ಕೊಳವೆ ಹಾಕಿದ್ದರು. ನೀರಿನ ಗೋಪುರದ ಬಳಿ ಆ ತುಂಡುಗಳನ್ನು ಈಗಲೂ ನೋಡಬಹುದು. ಹಳೆಯ ಗೀಸರ್ ಬಿಚ್ಚಿದರೆ ಕಾಣುವಂಥ ಸುಣ್ಣದ ಪದರ ಒಳಗೆಲ್ಲ ಕಟ್ಟಿಕೊಂಡಿದೆ. ನೀರಿನ ಚಿಂತೆ ಈ ಊರಿಗೆ ಎಷ್ಟಿತ್ತೆಂದರೆ, ಕ್ರಿ.ಶ. 114ರ ಒಂದು ಅಮೃತಶಿಲೆಯ ಶಾಸನ ನೀರು ಕದ್ದವರಿಗೆ, ಕೆಡಿಸಿದವರಿಗೆ ದಂಡ ವಿಧಿಸುತ್ತದೆ.

ಕೊಳವೆಯ ಕಥೆ ತಪ್ಪಾದರೂ ಹೋಲಿಕೆ ಬಿದ್ದುಹೋಗುವುದಿಲ್ಲ. ಪಮುಕ್ಕಲೆಯ ಸುಮಾರು 35 ಡಿಗ್ರಿಯ ನೀರು ಮೈನೋವಿಗೆ ಒಳ್ಳೆಯದು, ಕೊಲೊಸ್ಸೆಯ ಬೆಟ್ಟದ ನೀರು ಬಾಯಾರಿಕೆಗೆ ಒಳ್ಳೆಯದು. ಉಗುರುಬೆಚ್ಚಗಿನದು ಎರಡಕ್ಕೂ ಬಾರದ್ದು. ಪತ್ರ ‘ತಣ್ಣಗಾಗಲಿ ಬಿಸಿಯಾಗಲಿ ಇದ್ದಿದ್ದರೆ’ ಎಂದು ಎರಡನ್ನೂ ಹೊಗಳುತ್ತದೆ. ಬಿಸಿ ಎಂದರೆ ಭಕ್ತಿ, ತಣ್ಣಗೆ ಎಂದರೆ ಭಕ್ತಿಯಿಲ್ಲದ್ದು ಎಂಬ ಚರ್ಚಿನ ಪ್ರವಚನಗಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 4:13ರಲ್ಲಿ ಈ ಮೂರೂ ಊರು ಒಟ್ಟಿಗೆ ಬರುತ್ತವೆ. ಆ ವಚನವನ್ನು ದಿಬ್ಬದ ಮೇಲೆ ನಿಂತು ಓದಿದರೆ ಎರಡು ನಿಮಿಷದ ಕೆಲಸ.

ಇನ್ನೂ ಎರಡು ಸಂಗತಿ ಗೈಡಿನ ಬಾಯಲ್ಲಿ ಬರಲೇಬೇಕು. ಕ್ರಿ.ಶ. 60ರ ಭೂಕಂಪದ ನಂತರ ಈ ಊರು ರೋಮಿನ ನೆರವಿಲ್ಲದೆ ಸ್ವಂತ ಹಣದಲ್ಲೇ ಎದ್ದು ನಿಂತಿತು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ‘ನಾನು ಐಶ್ವರ್ಯವಂತನು, ನನಗೇನೂ ಕೊರತೆಯಿಲ್ಲ’ ಎಂಬ ಜಂಬ ಈ ಊರಿನದೇ. ಇದು ಕರಿ ಉಣ್ಣೆಗೂ ಹೆಸರಾದ ಊರು. ಪತ್ರ ಇದಕ್ಕೆ ಬಿಳಿ ವಸ್ತ್ರ ಕೊಂಡುಕೋ ಎನ್ನುತ್ತದೆ. ಪಕ್ಕದಲ್ಲೇ ವೈದ್ಯಶಾಲೆಯಿತ್ತು, ಕಣ್ಣಿಗೆ ಅಂಜನ ಹಚ್ಚಿಕೋ ಎಂಬ ಮಾತಿನ ಚುಚ್ಚು ಅಲ್ಲಿದೆ. 2010ರಲ್ಲಿ ಪತ್ತೆಯಾದ, ಚಾವಣಿ ಹೊದಿಸಿದ ದೊಡ್ಡ ಚರ್ಚು ನೋಡತಕ್ಕದ್ದೇ. ಆದರೆ ಅದು 4ನೇ ಶತಮಾನದ್ದು, ಪತ್ರಕ್ಕಿಂತ ಇನ್ನೂರು ವರ್ಷಕ್ಕೂ ಹೆಚ್ಚು ಈಚಿನದು.

ಸಾರ್ದಿಸ್ ಎರಡನೇ ಸ್ಥಾನ ಪಡೆಯುತ್ತದೆ. 1962ರಲ್ಲಿ ಅಗೆದು ತೆಗೆದ ಯೆಹೂದ್ಯರ ಸಭಾಮಂದಿರ, ಅದರ ಪಕ್ಕ ಮತ್ತೆ ಎತ್ತಿ ನಿಲ್ಲಿಸಿದ ವ್ಯಾಯಾಮಶಾಲೆಯ ಅಮೃತಶಿಲೆಯ ಮುಖಭಾಗ, ಕಣಿವೆಯೊಳಗೆ ಅರ್ತೆಮೀ ದೇವಿಯ ಗುಡಿ. ಎಲ್ಲರ ಫೋಟೊ ಇಲ್ಲೇ ಮುಗಿಯುತ್ತದೆ. ಪತ್ರ ಓದಬೇಕಾದರೆ ಮಾತ್ರ ತಲೆಯೆತ್ತಿ ಹಿಂದಿನ ಕೋಟೆಗುಡ್ಡ ನೋಡಬೇಕು. ಗೋಡೆಯಂತೆ ಕಡಿದಾದ, ಆದರೆ ಮಳೆಗೆ ಉದುರುವ ಮಣ್ಣುಗಲ್ಲಿನ ಗುಡ್ಡ. ಕ್ರಿ.ಪೂ. 546ರ ಸುಮಾರಿಗೆ ಪರ್ಷಿಯದ ದೊರೆ ಕೋರೆಷನ (ಸೈರಸ್) ಸೈನ್ಯ ಇದನ್ನು ಹಿಡಿದ ಬಗೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಕಾವಲಿನವನೊಬ್ಬ ಜಾರಿಬಿದ್ದ ತನ್ನ ಶಿರಸ್ತ್ರಾಣ ತರಲು ಕಡಿದಾದ ಮಗ್ಗುಲಲ್ಲಿ ಇಳಿದು ಹತ್ತಿದ. ಶತ್ರು ಅದನ್ನು ನೋಡಿಕೊಂಡು ಮರುದಿನ ಅದೇ ದಾರಿಯಲ್ಲಿ ಹತ್ತಿದ. ಅಲ್ಲಿ ಯಾರೂ ಹತ್ತಲಾರರೆಂದು ಕಾವಲೇ ಇಟ್ಟಿರಲಿಲ್ಲ. ಮುನ್ನೂರು ವರ್ಷ ಕಳೆದ ಮೇಲೆ ದೊರೆ ಮೂರನೇ ಅಂತಿಯೋಕನ ಕಾಲದಲ್ಲಿ ಕಾವಲಿಲ್ಲದ ಇನ್ನೊಂದು ಮಗ್ಗುಲಿಂದ ಮತ್ತೆ ಹಾಗೇ ಆಯಿತು. ‘ಎಚ್ಚರವಾಗು, ಇಲ್ಲದಿದ್ದರೆ ಕಳ್ಳನಂತೆ ಬರುವೆನು’ ಎಂಬ ಮಾತು ಈ ಊರಿನವರಿಗೆ ಎಲ್ಲಿ ತಾಗಿರಬೇಕು! ಗುಡ್ಡ ಹತ್ತುವುದು ಟೂರಿನಲ್ಲಿಲ್ಲ, ಬೇಕೆಂದು ಹಟ ಮಾಡುವುದೂ ಬೇಡ, ಮಣ್ಣು ಸಡಿಲ. ಅರ್ತೆಮೀಯ ಗುಡಿಯ ಬಳಿಯಿಂದ ನೋಡಿದರೆ ಸಾಕು. 2025ರಲ್ಲಿ ಸಾರ್ದಿಸ್ ಯುನೆಸ್ಕೊ ಪಟ್ಟಿ ಸೇರಿತು, ಹಾಗಾಗಿ ಇನ್ನು ಮುಂದೆ ಜನ ಹೆಚ್ಚೇ ಇರುತ್ತಾರೆ ಎಂದುಕೊಂಡು ಹೋಗಿ.

ಅದೇ ದಿನದ ಇನ್ನೆರಡು ಊರು ಕಣ್ಣಿಗೆ ಬಡವು. ಅಖಿಸಾರ್‌ನಲ್ಲಿ ಪೇಟೆಯ ನಡುವೆ ಬೇಲಿ ಹಾಕಿದ ಒಂದು ತುಂಡು ನೆಲ, ಮುರಿದ ಕಂಬಸಾಲು, ಒಂದು ಕಟ್ಟಡದ ಗೋಡೆ. ‘ಇಷ್ಟೇನಾ’ ಎಂಬ ಗೊಣಗಾಟ ಎಲ್ಲ ಬಸ್ಸಿನಲ್ಲೂ ಕೇಳಿಬರುತ್ತದೆ. ಇಪ್ಪತ್ತು ನಿಮಿಷ ಸಾಕು, ಆದರೆ ಆ ಇಪ್ಪತ್ತು ನಿಮಿಷಕ್ಕೆ ಗೈಡಿಗೆ ಶಾಸನಗಳ ಪರಿಚಯವಿರಬೇಕು. ಥುವತೈರ ಕಸುಬುದಾರರ ಊರು. ಉಣ್ಣೆಯವರು, ನಾರುಬಟ್ಟೆಯವರು, ಬಣ್ಣ ಹಾಕುವವರು, ಕುಂಬಾರರು, ರೊಟ್ಟಿ ಸುಡುವವರು, ಕಂಚುಗಾರರು, ಗುಲಾಮರ ವ್ಯಾಪಾರಿಗಳು, ಎಲ್ಲರಿಗೂ ಸಂಘಗಳಿದ್ದವು. ಸಂಘದ ಔತಣವೆಂದರೆ ದೇವತೆಗೆ ಅರ್ಪಿಸಿದ ಊಟ. ಉಣ್ಣದೆ ಎದ್ದುಬಂದರೆ ಕಸುಬಿಗೇ ಕುತ್ತು. ಪತ್ರ ‘ಯೆಜೆಬೇಲಳು’ ಎಂದು ಕರೆಯುವ ಹೆಂಗಸು ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಿರೆಂದು ಕಲಿಸುತ್ತಾಳೆ ಎಂಬ ದೂರು ಇದರ ಹಿನ್ನೆಲೆಯಲ್ಲಿ ಓದತಕ್ಕದ್ದು. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿಯಲ್ಲಿ ಪೌಲನಿಗೆ ಸಿಗುವ, ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯಳ ಊರೂ ಇದೇ.

ಅಲಾಶೆಹಿರ್‌ನಲ್ಲಿ ಸಂತ ಯೋಹಾನನ ಹೆಸರಿನ ಬೈಜಾಂಟಿನ್ ಚರ್ಚಿನ ದಪ್ಪ ಕಂಬಗಳು ನಿಂತಿವೆ. ‘ಜಯಹೊಂದುವವನನ್ನು ನನ್ನ ದೇವರ ಆಲಯದಲ್ಲಿ ಸ್ತಂಭವಾಗಿ ನಿಲ್ಲಿಸುವೆನು’ ಎಂಬ ವಚನವನ್ನು ಅದರ ಮುಂದೆ ನಿಂತು ಓದಿಸಿ, ಇದೇ ಆ ಸ್ತಂಭ ಎಂಬಂತೆ ಹೇಳುವ ಗೈಡುಗಳಿದ್ದಾರೆ. ಈ ಕಂಬಗಳು ಪತ್ರಕ್ಕಿಂತ ನಾಲ್ಕೈದು ಶತಮಾನ ಈಚಿನವು. ವಚನದ ಬಿಸಿ ಇರುವುದು ಅದರ ಮುಂದಿನ ಸಾಲಿನಲ್ಲಿ: ‘ಅವನು ಇನ್ನೆಂದಿಗೂ ಹೊರಗೆ ಹೋಗುವದಿಲ್ಲ’. ಕ್ರಿ.ಶ. 17ರ ಭೂಕಂಪದಲ್ಲಿ ಈ ಊರು ನೆಲ ಕಚ್ಚಿತ್ತು. ಗೋಡೆಗಳು ದಿನಾ ಬಿರುಕು ಬಿಡುತ್ತವೆ, ಹೆಚ್ಚಿನ ಜನ ಊರ ಹೊರಗೆ ಹೊಲಗಳಲ್ಲೇ ಇರುತ್ತಾರೆ ಎಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಹೆದರಿ ಹೊರಗೋಡುವ ಊರಿಗೆ ಅಲುಗದ ಕಂಬದ ಮಾತು. ಚಕ್ರವರ್ತಿಯ ಉಪಕಾರಕ್ಕೆ ನಿಯೊಕೈಸರೇಯ ಎಂದು ಹೆಸರು ಬದಲಿಸಿಕೊಂಡಿದ್ದ ಊರಿಗೆ ‘ಹೊಸ ಹೆಸರು’, ಅದರ ಜೊತೆಗೆ ಪರಲೋಕದಿಂದ ಇಳಿಯುವ ಹೊಸ ಯೆರೂಸಲೇಮಿನ ಹೆಸರು.

ಪೆರ್ಗಮಕ್ಕೆ ರೋಪ್‌ವೇ ಇದೆ, ಮಂಡಿನೋವಿನವರಿಗೆ ಅನುಕೂಲ. ಮೇಲೆ ಕಣ್ಣು ಸೆಳೆಯುವ ಬಿಳಿ ಗುಡಿ ರೋಮನ್ ಚಕ್ರವರ್ತಿ ಟ್ರಾಜನನದು. ಅದು ಪ್ರಕಟನೆಯ ನಂತರದ್ದು. ಪತ್ರದಲ್ಲಿ ಬರುವ ‘ಸೈತಾನನ ಸಿಂಹಾಸನ’ ಇದೇ ಎಂದು ತೋರಿಸುವ ಜೆಯುಸ್ ಬಲಿಪೀಠದ ಜಾಗದಲ್ಲಿ ಈಗ ಅಡಿಪಾಯ ಮತ್ತು ಮರಗಳಷ್ಟೇ. 1878ರಿಂದ ಕಾರ್ಲ್ ಹ್ಯೂಮನ್ ಅಗೆದು ತೆಗೆದ ಕೆತ್ತನೆಗಳು ಬರ್ಲಿನ್ ಸೇರಿದವು. ಸಿಂಹಾಸನ ಎಂದರೆ ಬಲಿಪೀಠವೋ, ಕ್ರಿ.ಪೂ. 29ರಲ್ಲಿ ಅನುಮತಿ ಸಿಕ್ಕ ಅಗಸ್ಟಸ್ ಮತ್ತು ರೋಮಾ ದೇವಿಯ ಗುಡಿಯೋ ಎಂಬ ಚರ್ಚೆ ಮುಗಿದಿಲ್ಲ. ಚಕ್ರವರ್ತಿ ಪೂಜೆಯ ಕಡೆಗೇ ನಮ್ಮ ಒಲವು, ಪತ್ರದಲ್ಲಿ ಅಂತಿಪನೆಂಬ ವಿಶ್ವಾಸಿ ಕೊಲ್ಲಲ್ಪಟ್ಟ ಮಾತಿದೆಯಲ್ಲ. ಕೆಳಗಿನ ಕೆಂಪು ಇಟ್ಟಿಗೆಯ ಭವನವನ್ನು ‘ಪೆರ್ಗಮದ ಸಭೆ’ ಎಂದರೆ ನಂಬಬೇಡಿ. 2ನೇ ಶತಮಾನದಲ್ಲಿ ಈಜಿಪ್ಟಿನ ದೇವತೆಗಳಿಗೆ ಕಟ್ಟಿದ್ದು, ಆಮೇಲೆ ಚರ್ಚಾಯಿತು.

ಸ್ಮುರ್ನದ ಅಗೋರ, ಅಂದರೆ ಹಳೆಯ ಸಂತೆಚೌಕ, ಇಜ್ಮಿರ್ ಪೇಟೆಯೊಳಗೇ ಇದೆ. ನೆಲಮಾಳಿಗೆಯ ಕಮಾನುಗಳು ತಂಪು. ಕಾಣುವುದರಲ್ಲಿ ಹೆಚ್ಚಿನದು ಕ್ರಿ.ಶ. 178ರ ಭೂಕಂಪದ ನಂತರ ಕಟ್ಟಿದ್ದು. ಒಂದು ಗಂಟೆ ಸಾಕು.

ಎಫೆಸದ ಬಗ್ಗೆ ಹೇಳಬೇಕಾದ್ದು ಕಡಿಮೆ, ಎಲ್ಲ ಟೂರುಗಳೂ ಅದನ್ನು ಚೆನ್ನಾಗಿಯೇ ತೋರಿಸುತ್ತವೆ. ಮೇಲಿನ ಗೇಟಿನಿಂದ ಒಳಹೊಕ್ಕು ಕೆಳಗಿನ ಗೇಟಿಗೆ ಇಳಿಯುವುದು ಸರಿಯಾದ ಕ್ರಮ. ಕಲ್ಲುಹಾಸು ನುಣುಪು, ಹಿಡಿತವಿರುವ ಬೂಟು ಬೇಕು. ಎಲ್ಲರೂ ಮುಗಿಬೀಳುವ ಸೆಲ್ಸಸ್ ಗ್ರಂಥಾಲಯ ಪೌಲ ಯೋಹಾನರ ಕಾಲದಲ್ಲಿ ಇರಲಿಲ್ಲ. ಅಪೊಸ್ತಲರ ಕೃತ್ಯಗಳು 19ರ ಗಲಭೆ ನಡೆದ ರಂಗಮಂದಿರ ಇತ್ತು. ಅದರ ಮೆಟ್ಟಿಲ ಮೇಲೆ ಕೂತು ಬಂದರಿನ ಬೀದಿ ನೋಡಿ. ಬೀದಿಯ ತುದಿಯಲ್ಲಿ ಬಂದರಿಲ್ಲ, ಜೊಂಡು ಬೆಳೆದ ತಗ್ಗು. ನದಿ ಹೂಳು ತುಂಬಿ ತುಂಬಿ ಸಮುದ್ರವನ್ನು ಹಲವು ಕಿ.ಮೀ. ಆಚೆ ತಳ್ಳಿತು, ಊರು ಅದರ ಹಿಂದೆ ಸರಿಯುತ್ತಲೇ ಇತ್ತು. ‘ನಿನ್ನ ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆದುಹಾಕುವೆನು’ ಎಂಬ ಎಚ್ಚರಿಕೆ ಈ ಊರಿಗೇ ಬಂದದ್ದು. ಬೆಟ್ಟದ ಮೇಲಿನ ಮರಿಯಮ್ಮನವರ ಮನೆ ಕಥೋಲಿಕ ಯಾತ್ರಿಕರಿಗೆ ಮುಖ್ಯ, 1967ರಿಂದ ಮೂವರು ಪೋಪರು ಬಂದುಹೋಗಿದ್ದಾರೆ. ಪತ್ರದ ಅಧ್ಯಯನಕ್ಕೆ ಮಾತ್ರ ಬಂದವರು ಆ ಒಂದೂವರೆ ಗಂಟೆಯನ್ನು ರಂಗಮಂದಿರಕ್ಕೆ ಕೊಡಬಹುದು.

ಟೂರ್ ಪೂರ್ತಿ ಮರೆಯುವ ಒಂದು ಊರಿದೆ, ಅದು ನಕ್ಷೆಯಲ್ಲಿಲ್ಲ: ಪ್ರಕಟನೆಯ ಹೊಸ ಯೆರೂಸಲೇಮು. ಏಳು ಪತ್ರಗಳ ವಾಗ್ದಾನಗಳೆಲ್ಲ ಕೊನೆಯ ಅಧ್ಯಾಯಗಳಲ್ಲಿ ತೀರುತ್ತವೆ. ಎಫೆಸಕ್ಕೆ ಹೇಳಿದ ಜೀವವೃಕ್ಷ 22:2ರಲ್ಲಿ, ಸಾರ್ದಿಸಿನ ಜೀವಪುಸ್ತಕ 21:27ರಲ್ಲಿ, ಥುವತೈರದ ಉದಯ ನಕ್ಷತ್ರ 22:16ರಲ್ಲಿ. ನಡುವೆ 18ನೇ ಅಧ್ಯಾಯದ ಬಾಬೆಲಿನ ಸರಕುಪಟ್ಟಿ: ಬಂಗಾರದಿಂದ ಶುರುವಾಗಿ ಮನುಷ್ಯರ ಮಾರಾಟಕ್ಕೆ ಮುಗಿಯುವ ಪಟ್ಟಿ, ಥುವತೈರದ ಸಂಘಗಳ ಶಾಸನ ಕೇಳಿ ಬಂದವರಿಗೆ ಹೊಸದಾಗಿ ಕೇಳಿಸುತ್ತದೆ. ಆದಿಕಾಂಡ 4ರಲ್ಲಿ ಕಾಯಿನನು ಕಟ್ಟಿದ ಊರಿನಿಂದ ಹೊರಟ ಬೈಬಲ್, ಹಗಲಲ್ಲಿ ಬಾಗಿಲು ಮುಚ್ಚದ, ರಾತ್ರಿಯೇ ಇಲ್ಲದ ಪಟ್ಟಣದಲ್ಲಿ ನಿಲ್ಲುತ್ತದೆ. ಉದ್ದ, ಅಗಲ, ಎತ್ತರ ಮೂರೂ ಸಮ, ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳದ ಹಾಗೆ.

ಬುಕ್ ಮಾಡುವಾಗ ಕೇಳಬೇಕಾದ್ದು ಇಷ್ಟು. ಎರಡನೇ ದಿನವನ್ನು ಬೆಳಗ್ಗೆ ಏಳಕ್ಕೆ ಶುರುಮಾಡಿ, ಇಲ್ಲದಿದ್ದರೆ ಅಲಾಶೆಹಿರ್ ಮುಟ್ಟುವಾಗ ಕತ್ತಲೆ. ಒಂದು ರಾತ್ರಿ ಹೆಚ್ಚಿಸಿಕೊಂಡರೆ ಸಾರ್ದಿಸಿಗೆ ಎರಡು ಗಂಟೆ ಸಿಗುತ್ತದೆ. ಲವೊದಿಕೀಯ ಬೆಳಗ್ಗೆ, ಪಮುಕ್ಕಲೆ ಸಂಜೆ. ಲವೊದಿಕೀಯದಲ್ಲಿ ಚರ್ಚಿನ ಚಾವಣಿ ಬಿಟ್ಟರೆ ನೆರಳೇ ಇಲ್ಲ, ಜುಲೈ ಆಗಸ್ಟ್ ಬೇಡ, ಏಪ್ರಿಲ್ ಮೇ ಅಥವಾ ಸೆಪ್ಟೆಂಬರ್ ಅಕ್ಟೋಬರ್ ಒಳ್ಳೆಯದು. ಪ್ರವೇಶ ಟಿಕೆಟ್ಟುಗಳೆಲ್ಲ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ, ಎಫೆಸದ ಇಳಿಜಾರು ಮನೆಗಳಿಗೆ (ಟೆರೇಸ್ ಹೌಸಸ್) ಬೇರೆ ಟಿಕೆಟ್. ಕೊಲೊಸ್ಸೆ ಬರೀ ದಿಬ್ಬ, ಆದರೂ ಡೆನಿಜ್ಲಿಯಿಂದ ಅರ್ಧ ಗಂಟೆಯ ದಾರಿ, ಸೇರಿಸಿಕೊಳ್ಳಲು ಒಪ್ಪುವ ಏಜೆನ್ಸಿ ಸಿಕ್ಕರೆ ಬಿಡಬೇಡಿ. ಅಷ್ಟು ಹೊತ್ತು ಎಲ್ಲಿಂದ ಬರುತ್ತದೆ ಎಂದರೆ, ಕಾರ್ಯಕ್ರಮದಲ್ಲಿ ಬರೆಯದೇ ನಿಲ್ಲಿಸುವ ಚರ್ಮದ ಅಂಗಡಿ ಮತ್ತು ಜಮಖಾನೆ ಅಂಗಡಿಗಳಿಂದ. ಅವು ಬೇಡವೆಂದು ಮುಂಗಡ ಕಟ್ಟುವ ಮೊದಲೇ ಬರೆಸಿಕೊಳ್ಳಿ.