ಕಿಟ್ ಇಲ್ಲದ ಮಾರುತ್: ಮನೆಯ ರೆಸಿನ್ ಪ್ರಿಂಟರ್ ಬಳಸಿ ಮೂರು ವರ್ಷ

ವಿಮಾನಗಳ ಪುಟ್ಟ ಮಾಡೆಲ್ ಕಟ್ಟುವುದು ನನ್ನ ಹವ್ಯಾಸ. ರೆಸಿನ್ ತ್ರಿಡಿ ಪ್ರಿಂಟರ್ ಕೊಳ್ಳಲು ನನಗಿದ್ದ ಕಾರಣ ಒಂದೇ: ಎಚ್‌ಎಫ್-24 ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. ನಗರದ ಪೂರ್ವಭಾಗದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವವರಿಗೆ ಆ ಹೆಸರು ಗೊತ್ತು, ವಿಮಾನ ಗೊತ್ತಿಲ್ಲ. ಒಟ್ಟು ತಯಾರಾದದ್ದು 147. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಕಿಟ್, ಅಂದರೆ ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಪೆಟ್ಟಿಗೆ, ಬೇಕೆಂದರೆ ಯಾವ ಅಳತೆಯದು, ಯಾವ ಮಾರ್ಕ್ ಎಂದು ಅಂಗಡಿಯವರೇ ತಿರುಗಿ ಕೇಳುತ್ತಾರೆ. ಮಾರುತ್ ಮಾತ್ರ ಟಮಿಯಾ, ಏರ್‌ಫಿಕ್ಸ್, ಹಸೆಗಾವಾದಂಥ ದೊಡ್ಡ ಕಿಟ್ ಕಂಪನಿಗಳ ಯಾರ ಪಟ್ಟಿಯಲ್ಲೂ ಇಲ್ಲ. ಅವರನ್ನು ದೂರುವಂತಿಲ್ಲ. ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಕೊರೆಸಬೇಕು, ಅಚ್ಚಿಗೆ ಹಾಕಿದ ಹಣ ಹಿಂತಿರುಗಲು ಸಾವಿರಾರು ಪೆಟ್ಟಿಗೆ ಮಾರಾಟವಾಗಬೇಕು. ಒಂದೇ ದೇಶದ ವಾಯುಪಡೆ ಬಳಸಿ 1990ರಲ್ಲಿ ನಿವೃತ್ತಿಗೊಳಿಸಿದ ವಿಮಾನಕ್ಕೆ ಅಷ್ಟು ಗಿರಾಕಿಗಳು ಎಲ್ಲಿಂದ ಬರಬೇಕು?

ಈ ಅಚ್ಚಿನ ಲೆಕ್ಕಾಚಾರವನ್ನೇ ಮನೆಯ ಪ್ರಿಂಟರ್ ಮುರಿದು ಹಾಕಿದೆ. ಮುಂದೆ ಬರುವ ತಂತ್ರಜ್ಞಾನ ನಮ್ಮ ಹವ್ಯಾಸವನ್ನು ಏನು ಮಾಡೀತು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಸಂಗತಿಯನ್ನೇ ಮೊದಲು ಹೇಳುತ್ತೇನೆ: ಯಾವುದನ್ನು ಮಾಡೆಲ್ ಮಾಡಬಹುದು ಎಂದು ತೀರ್ಮಾನಿಸುವ ಅಧಿಕಾರ ಕಾರ್ಖಾನೆಯಿಂದ ನಮ್ಮ ಮೇಜಿಗೆ ಬಂದಿದೆ. ಉಜ್ಜುವುದು, ಪುಟ್ಟಿ ತುಂಬುವುದು, ಬಣ್ಣ ಹಚ್ಚುವುದು ಹಾಗೆಯೇ ಉಳಿದಿವೆ.

ನನ್ನದು ಆರೂವರೆ ಇಂಚಿನ ಆಸುಪಾಸಿನ ಮೊನೊಕ್ರೋಮ್ ಪರದೆಯ, ಆರಂಭಿಕ ಬೆಲೆಯ ಯಂತ್ರ. ಈ ದರ್ಜೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ತೊಟ್ಟಿಯಲ್ಲಿ ದ್ರವ ರೆಸಿನ್, ತೊಟ್ಟಿಯ ತಳದಲ್ಲಿ ಪಾರದರ್ಶಕ ಹಾಳೆ, ಅದರ ಕೆಳಗೆ ಪರದೆ, ಪರದೆಯ ಕೆಳಗೆ 405 ನ್ಯಾನೊಮೀಟರ್ ತರಂಗಾಂತರದ ದೀಪಗಳು. ಪರದೆ ಪದರವೊಂದರ ಆಕಾರವನ್ನಷ್ಟೇ ತೆರೆದು ಉಳಿದ ಬೆಳಕನ್ನು ತಡೆಯುತ್ತದೆ. ಬೆಳಕು ಬಿದ್ದಲ್ಲಿ ರೆಸಿನ್ ಗಟ್ಟಿಯಾಗುತ್ತದೆ, ತಟ್ಟೆ ಕೂದಲೆಳೆಯಷ್ಟು ಮೇಲೇರುತ್ತದೆ, ಮತ್ತೊಂದು ಪದರ. ಮೂಲ ತತ್ವ ಹಳೆಯದು. ಹೀಗೆ ಬೆಳಕಿನಿಂದ ಪದರ ಪದರವಾಗಿ ಗಟ್ಟಿಮಾಡುವ ಸ್ಟೀರಿಯೊಲಿಥೊಗ್ರಫಿ ವಿಧಾನದ ಪೇಟೆಂಟ್ ಅಮೆರಿಕದ ಚಕ್ ಹಲ್ ಅವರಿಗೆ ಸಿಕ್ಕಿದ್ದು 1986ರಲ್ಲಿ. ಮೊಬೈಲ್ ಪರದೆಗಳು ಅಗ್ಗವಾದ ಮೇಲೆ ಅದು ನಮ್ಮ ಕೈಗೆಟುಕಿತು.

ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1/72ಕ್ಕೆ ಇಳಿಸಿದರೆ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಅಗಲ. ನನ್ನ ಯಂತ್ರದ ಎತ್ತರದ ಮಿತಿ ಹದಿನಾರೂವರೆ ಸೆಂಟಿಮೀಟರ್. ಹಾಗಾಗಿ ಒಡಲನ್ನು ರೆಕ್ಕೆಯ ಬುಡದಲ್ಲಿ ಎರಡಾಗಿ ಕತ್ತರಿಸಿಯೇ ಮುದ್ರಿಸಬೇಕು. ನಿಲ್ಲಿಸಿ ಮುದ್ರಿಸಿದರೆ ಹನ್ನೊಂದು ಸೆಂಟಿಮೀಟರಿನ ಅರ್ಧಕ್ಕೆ 0.05 ಮಿಲಿಮೀಟರ್ ದಪ್ಪದ 2200 ಪದರಗಳು, ಸುಮಾರು ಐದೂವರೆ ಗಂಟೆ. ಪಕ್ಕದಲ್ಲಿ ಇನ್ನೂ ನಾಲ್ಕು ಭಾಗಗಳನ್ನು ಇಟ್ಟರೂ ಅಷ್ಟೇ ಹೊತ್ತು, ಏಕೆಂದರೆ ಪದರವಿಡೀ ಒಮ್ಮೆಗೇ ಗಟ್ಟಿಯಾಗುತ್ತದೆ. ಎತ್ತರವೊಂದೇ ಸಮಯವನ್ನು ನಿರ್ಧರಿಸುತ್ತದೆ.

ಗುಣಮಟ್ಟದ ವಿಷಯಕ್ಕೆ ಬರುತ್ತೇನೆ, ಇದರ ಬಗ್ಗೆ ಹೇಳುವುದು ಬಹಳಷ್ಟಿದೆ. 0.05 ಮಿಲಿಮೀಟರ್ ಪದರವನ್ನು 72ರಿಂದ ಗುಣಿಸಿದರೆ ನಿಜ ವಿಮಾನದ ಮೇಲೆ 3.6 ಮಿಲಿಮೀಟರ್. ಪರದೆಯ 35 ಮೈಕ್ರಾನ್ ಚುಕ್ಕಿ ಎರಡೂವರೆ ಮಿಲಿಮೀಟರ್. ಅಂದರೆ ಈ ಯಂತ್ರ ಕಾಣುವ ಅತಿ ಸಣ್ಣ ವಸ್ತು ಹೆಚ್ಚುಕಡಿಮೆ ಒಂದು ರಿವೆಟ್ ತಲೆಯಷ್ಟು. ಇದು ಸಾಕು, ಬೇಕಾದದ್ದಕ್ಕಿಂತ ಹೆಚ್ಚೇ. ತೊಡಕು ಬೇರೆ ಕಡೆ ಇದೆ. ವಿಮಾನದ ತಗಡುಗಳ ನಡುವಿನ ಸಂದು ಎರಡು ಮೂರು ಮಿಲಿಮೀಟರ್ ಇದ್ದರೆ 1/72ರಲ್ಲಿ ಅದು 0.04 ಮಿಲಿಮೀಟರ್. ಅದನ್ನು ಅಷ್ಟಕ್ಕೇ ಕೊರೆದರೆ ಪ್ರೈಮರ್‌ನ ಮೊದಲ ಕೈಗೇ ಮುಚ್ಚಿಹೋಗುತ್ತದೆ. ನಾನು ಪ್ಯಾನಲ್ ಗೆರೆಗಳನ್ನು 0.15 ಮಿಲಿಮೀಟರ್ ಅಗಲಕ್ಕೆ ಬಿಡಿಸುತ್ತೇನೆ. ನಿಜ ವಿಮಾನದಲ್ಲಿ ಅದು ಸುಮಾರು 11 ಮಿಲಿಮೀಟರಿನ ಬಿರುಕು, ಯಾವ ಎಂಜಿನಿಯರೂ ಹಾರಲು ಬಿಡುವುದಿಲ್ಲ. ಮೇಜಿನ ಮೇಲೆ, ಬಣ್ಣ ಬಿದ್ದ ಮೇಲೆ, ಒಂದು ಅಡಿ ದೂರದಿಂದ ನೋಡಿದರೆ ಅದೇ ಸರಿಯಾಗಿ ಕಾಣುತ್ತದೆ. ಈ ಕಣ್ಣಳತೆಯನ್ನು ಯಾವ ತಂತ್ರಾಂಶವೂ ಇದುವರೆಗೆ ನನಗೆ ಕೊಟ್ಟಿಲ್ಲ.

ಒಡಲಿನ ಮೇಲೆ ಪದರಗಳ ಗೆರೆ ಕಾಣುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಮೂಗಿನ ಬಳಿ ಕಾಣುವುದಿಲ್ಲ. ಮಾರುತ್‌ನ ನಡು, ಧ್ವನಿವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ತಗ್ಗಿಸುವ ಏರಿಯಾ ರೂಲ್ ಎಂಬ ವಿನ್ಯಾಸ ನಿಯಮದ ಪ್ರಕಾರ, ಒಳಕ್ಕೆ ಬಾಗಿದೆ. ಆ ನಿಧಾನದ ಬಾಗಿನಲ್ಲಿ ಪದರಗಳು ನಕ್ಷೆಯ ಎತ್ತರದ ಗೆರೆಗಳಂತೆ ಎದ್ದು ಕಾಣುತ್ತವೆ. ದಟ್ಟ ಪ್ರೈಮರ್ ಹೊಡೆದು 600, ಆಮೇಲೆ 1000 ಗ್ರಿಟ್ ನೀರುಕಾಗದದಲ್ಲಿ ಉಜ್ಜಿದರೆ ಹೋಗುತ್ತವೆ, ಜೊತೆಗೆ ಅಲ್ಲಿನ ಪ್ಯಾನಲ್ ಗೆರೆಯೂ ಅರ್ಧ ಹೋಗುತ್ತದೆ. ಮತ್ತೆ ಕೈಯಲ್ಲೇ ಕೊರೆಯಬೇಕು. ರೆಕ್ಕೆಗಳು ಇನ್ನೊಂದು ಬಗೆಯ ಕಿರುಕುಳ. ತೆಳ್ಳಗಿನ ಅಗಲ ಭಾಗ ಗಟ್ಟಿಯಾಗುವಾಗ ಕುಗ್ಗಿ ತುದಿ ಮೇಲಕ್ಕೆ ಸೆಳೆಯುತ್ತದೆ. ಓರೆಯಾಗಿ ಇಟ್ಟು, ಹಿಂದಿನ ಅಂಚಿಗೆ ಒತ್ತೊತ್ತಾಗಿ ಸಪೋರ್ಟ್ (ಆಧಾರಕ್ಕೆಂದು ಜೊತೆಗೇ ಮುದ್ರಿಸುವ ತೆಳು ಕಡ್ಡಿಗಳು) ಕೊಟ್ಟು, ಸಪೋರ್ಟ್ ಸಮೇತ ತಾರಸಿಯ ಬಿಸಿಲಿನಲ್ಲಿ ಒಣಗಿಸಿದ ಮೇಲೆ ಕಳಚಿದರೆ ನೆಟ್ಟಗೆ ಉಳಿಯುತ್ತದೆ. ಬಿಸಿಲು ಹೆಚ್ಚಾದರೆ ಹಳದಿಗಟ್ಟಿ ಗಾಜಿನಂತೆ ಪುಡಿಯಾಗುವ ಹಂತಕ್ಕೆ ಬರುತ್ತದೆ ಎಂಬುದನ್ನೂ ನೆನಪಿಡಿ.

ದಿನನಿತ್ಯದ ಬಳಕೆ ಸಿಹಿಯಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ರೆಸಿನ್ ಮಂದವಾಗಿ ಪದರಗಳು ಕಿತ್ತು ಬರುತ್ತವೆ. 25 ಡಿಗ್ರಿಗಿಂತ ಕೆಳಗೆ ನಾನು ಯಂತ್ರವನ್ನು ಹಚ್ಚುವುದೇ ಇಲ್ಲ. ವಾಸನೆ ಇದೆ, ಮಲಗುವ ಕೋಣೆಯಲ್ಲಿ ಇಡುವ ವಸ್ತು ಇದಲ್ಲ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಹುಟ್ಟಬಹುದು, ಹುಟ್ಟಿದ ಮೇಲೆ ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ನೈಟ್ರೈಲ್ ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಮುದ್ರಿಸಿದ ಭಾಗಗಳನ್ನು ತೊಳೆದ ಆಲ್ಕೊಹಾಲನ್ನಾಗಲಿ ನೀರನ್ನಾಗಲಿ ಮೋರಿಗೆ ಸುರಿಯಬೇಡಿ. ಪರದೆ ಒಮ್ಮೆ ಬದಲಾಯಿಸಿದ್ದೇನೆ. ಮೊನೊ ಪರದೆಗೆ ಎರಡು ಸಾವಿರ ಗಂಟೆಯ ಆಸುಪಾಸು ಆಯುಷ್ಯ, ಅದು ಸವೆಯುವ ಭಾಗವೇ. ಬಿಡಿಭಾಗ ಕಳುಹಿಸಿದ ಮಾರಾಟಗಾರರು ವಾರಗಟ್ಟಲೆ ಕಾಯಿಸಿದ್ದು ಮಾತ್ರ ಬೇಸರದ ಸಂಗತಿ. ತೊಟ್ಟಿಯ ತಳದ ಹಾಳೆಯನ್ನು ಒಂದೆರಡು ಹೆಚ್ಚುವರಿ ತರಿಸಿ ಇಟ್ಟುಕೊಳ್ಳಿ.

ಈಗ ಮುಂದಿನ ಮಾತು. ಫೋಟೊ ಕೊಟ್ಟರೆ ಮೂರು ಆಯಾಮದ ಆಕಾರ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳನ್ನು ಮಾರುತ್ ಮೇಲೆಯೇ ಪರೀಕ್ಷಿಸಿದೆ. ದೂರದಿಂದ ಮಾರುತ್ ಹೌದು. ಹತ್ತಿರ ಹೋದರೆ ಗಾಳಿದ್ವಾರದ ಒಳಗಿರುವ ಅರ್ಧ ಶಂಕು ಒಡಲಿಗೆ ಅಂಟಿದ ಉಬ್ಬಾಗಿದೆ, ದ್ವಾರವೇ ಮುಚ್ಚಿಹೋಗಿದೆ. ಪ್ಯಾನಲ್ ಗೆರೆಗಳು ಎಲ್ಲೋ ಹುಟ್ಟಿ ಎಲ್ಲೋ ಸಾಯುತ್ತವೆ. ಮೂಗಿನ ನಾಲ್ಕು ಏಡೆನ್ ಫಿರಂಗಿಗಳ ರಂಧ್ರಗಳು ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು. ಚೆನ್ನಾಗಿ ದಾಖಲಾಗಿರುವ ವಿಮಾನಗಳಿಗೆ ಈ ಸೇವೆಗಳು ಬೇಗ ಸುಧಾರಿಸಬಹುದು. ನಮಗೆ ಬೇಕಾಗಿರುವುದು ಚಿತ್ರಗಳೇ ಕಡಿಮೆ ಇರುವ ವಿಮಾನಗಳು, ಅಲ್ಲಿ ಅದು ಊಹಿಸುತ್ತದೆ, ಅಳೆಯುವುದಿಲ್ಲ.

ಅಳತೆ ಸಿಗುವುದು ಸ್ಕ್ಯಾನಿಂಗ್‌ನಿಂದ, ನನ್ನ ಭರವಸೆ ಪೂರ್ತಿ ಅದರ ಮೇಲಿದೆ. ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್‌ನಲ್ಲಿ ಮಾರುತ್ ಇದೆ. ಇಂಥ ವಿಮಾನದ ಸುತ್ತ ನಡೆಯುತ್ತ, ಒಂದರ ಮೇಲೊಂದು ಬರುವಂತೆ ನೂರಾರು ಫೋಟೊ ತೆಗೆದರೆ ತಂತ್ರಾಂಶ ಅವುಗಳಿಂದ ಬಿಂದುಗಳ ಮೋಡವನ್ನು ಕಟ್ಟುತ್ತದೆ. ಮೋಡ ಕವಿದ ದಿನ ಒಳ್ಳೆಯದು, ಬಿಸಿಲಿನ ಹೊಳಪು ಲೆಕ್ಕ ತಪ್ಪಿಸುತ್ತದೆ. ಕಾಕ್‌ಪಿಟ್‌ನ ಗಾಜು ಎಂದೂ ಸರಿಯಾಗಿ ಬರುವುದಿಲ್ಲ. ಸಂಗ್ರಹಾಲಯದ ವಿಮಾನಕ್ಕೆ ವಯಸ್ಸಾಗಿರುತ್ತದೆ, ಹಲವು ಸಲ ಬಣ್ಣ ಬಳಿದಿರುತ್ತಾರೆ, ಟೈರು ಕುಸಿದಿರುತ್ತದೆ. ಸ್ಕ್ಯಾನ್ ಅವನ್ನೂ ನಿಷ್ಠೆಯಿಂದ ದಾಖಲಿಸುತ್ತದೆ. ಆ ಬಿಂದುಗಳ ಮೇಲೆ ವಿಮಾನದ ನಿಜವಾದ ರೇಖೆಯನ್ನು ಎಳೆಯುವವರು ನಾವೇ. ಸಂಗ್ರಹಾಲಯಗಳೇ ಮುಂದೆ ಬಂದು ತಮ್ಮ ವಿಮಾನಗಳನ್ನು ಲೇಸರ್ ಸ್ಕ್ಯಾನ್ ಮಾಡಿಸಿ ಬಿಡುಗಡೆ ಮಾಡಿದರೆ ಈ ಹವ್ಯಾಸಕ್ಕೆ ಅದಕ್ಕಿಂತ ದೊಡ್ಡ ಕೊಡುಗೆ ಇಲ್ಲ. ಮಾರುತ್ ಹುಟ್ಟುವ ಮುನ್ನ ಅದರ ಆಕಾರವನ್ನು ಪರೀಕ್ಷಿಸಲು ಎಚ್‌ಎಎಲ್ 1959ರಲ್ಲಿ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಹಾರಿಸಿತ್ತು. ಆ ಬಡಗಿಗಳ ಕೆಲಸ ಎಷ್ಟು ನಿಖರವಾಗಿತ್ತು ಎಂದು ಸ್ಕ್ಯಾನ್‌ನ ರೇಖೆಗಳನ್ನು ತಿದ್ದುವಾಗಲೆಲ್ಲ ಯೋಚಿಸುತ್ತೇನೆ.

ಬಣ್ಣದ ಪ್ರಿಂಟರ್‌ಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಿಮಾಕಿ ಕಂಪನಿಯ ಯಂತ್ರ 2017ರಿಂದಲೇ ಒಂದು ಕೋಟಿಗೂ ಮೀರಿದ ಬಣ್ಣಗಳಲ್ಲಿ ಮುದ್ರಿಸುತ್ತಿದೆ, ಅದು ಕಾರ್ಖಾನೆಯ ಯಂತ್ರ. ನಾಳೆ ಅಗ್ಗವಾದರೂ ಏರ್‌ಬ್ರಶ್ ಕೆಳಗಿಡಲು ನಾನು ಸಿದ್ಧನಿಲ್ಲ, ಬಣ್ಣ ಹಚ್ಚುವುದಕ್ಕಾಗಿಯೇ ನಾನು ಮಾಡೆಲ್ ಕಟ್ಟುತ್ತೇನೆ. ಬಿಳಿ ಶಾಯಿ ಮುದ್ರಿಸುವ ಮನೆಬಳಕೆಯ ಯುವಿ ಪ್ರಿಂಟರ್‌ಗಳು ಬರತೊಡಗಿವೆ, ಅವು ಬೇಕು. ಭಾರತೀಯ ವಾಯುಪಡೆಯ ವೃತ್ತಚಿಹ್ನೆಯಲ್ಲಿ ಕೇಸರಿ ಮತ್ತು ಹಸಿರಿನ ನಡುವೆ ಬಿಳಿ ಇದೆ. ಸಾಮಾನ್ಯ ಇಂಕ್‌ಜೆಟ್ ಬಿಳಿಯನ್ನು ಮುದ್ರಿಸುವುದಿಲ್ಲ, ಮಾಡೆಲ್‌ಗೆ ಚಿಹ್ನೆ ಅಂಟಿಸಲು ಬಳಸುವ ಪಾರದರ್ಶಕ ಡೆಕಾಲ್ ಹಾಳೆಯ ಮೇಲೆ ಕೇಸರಿಯೂ ಹಸಿರು ಮರೆಮಾಚು ಬಣ್ಣದಲ್ಲಿ ಕರಗಿಹೋಗುತ್ತದೆ. ಈಗ ನಾನು ಬಿಳಿ ವೃತ್ತವನ್ನು ಮಾಸ್ಕ್ ಇಟ್ಟು ಬಣ್ಣ ಹೊಡೆದು ಅದರ ಮೇಲೆ ಡೆಕಾಲ್ ಕೂರಿಸುತ್ತೇನೆ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಟಮಿಯಾದ ಪೆಟ್ಟಿಗೆ ತೆರೆದು ಭಾನುವಾರ ಕಳೆಯುವುದು ನಿಮ್ಮ ಸಂತೋಷವಾಗಿದ್ದರೆ ಬೇಡ. ಮುದ್ರಿತ ರೆಸಿನ್ ಆ ಪ್ಲಾಸ್ಟಿಕ್‌ನಷ್ಟು ಸಲೀಸಾಗಿ ಜೋಡಣೆಯಾಗುವುದಿಲ್ಲ, ಪ್ಲಾಸ್ಟಿಕ್ ಅಂಟು ಅದನ್ನು ಕರಗಿಸಿ ಬೆಸೆಯುವುದೂ ಇಲ್ಲ. ಕಿಟ್ ಇಲ್ಲದ ವಿಮಾನ, ರೈಲು, ಬಸ್ ಯಾವುದಾದರೂ ನಿಮ್ಮ ತಲೆಯಲ್ಲಿ ವರ್ಷಗಳಿಂದ ಕೂತಿದ್ದರೆ ಇವತ್ತೇ ಕೊಳ್ಳಿ, ಜೊತೆಗೆ ಮೂರು ಆಯಾಮದ ಆಕಾರ ಬಿಡಿಸುವ ಬ್ಲೆಂಡರ್ ಅಥವಾ ಫ್ಯೂಷನ್ ತಂತ್ರಾಂಶ ಕಲಿಯಲು ಯಂತ್ರಕ್ಕಿಂತ ಹೆಚ್ಚು ತಾಳ್ಮೆ ಎತ್ತಿಡಿ. ನಾನು ಸದ್ಯ ಹೊಸದಕ್ಕೆ ಹೋಗುವುದಿಲ್ಲ. ಇನ್ನೂ ಸಣ್ಣ ಚುಕ್ಕಿಗಳ 12ಕೆ ಪರದೆಯ ಆಸೆ ನನಗಿಲ್ಲ, 35 ಮೈಕ್ರಾನ್ ಸಾಕೆಂದು ಮೇಲೆ ಹೇಳಿದ್ದೇನೆ. ಈಗಿನ ಪರದೆ ಸವೆದಾಗ ತೊಟ್ಟಿಯನ್ನು ತಾನೇ ಬೆಚ್ಚಗಿಡುವ, 22 ಸೆಂಟಿಮೀಟರಿಗಿಂತ ಹೆಚ್ಚು ಎತ್ತರ ಮುದ್ರಿಸುವ ಯಂತ್ರವನ್ನು ನೋಡುತ್ತೇನೆ. ಆಗ ಮಾರುತ್‌ನ ಒಡಲನ್ನು ರೆಕ್ಕೆಯ ಬುಡದಲ್ಲಿ ಕತ್ತರಿಸಬೇಕಾಗಿಲ್ಲ, ಉಜ್ಜಲು ಅತ್ಯಂತ ಕಷ್ಟವಾದ ಆ ನಡುವಿನ ಬಾಗಿನಲ್ಲಿ ಒಂದು ಸಂದು ಕಡಿಮೆಯಾಗುತ್ತದೆ.