ಪ್ರಮಾಣಪತ್ರದ ಒಂದು ಕಾಲಮ್: ಹಳೆಯ ಕಂಪ್ಯೂಟರುಗಳ ವಿಲೇವಾರಿ ಸೇವೆಯೊಂದಿಗೆ ನಾಲ್ಕು ವರ್ಷ

ನಮ್ಮದು ಲೆಕ್ಕಪರಿಶೋಧನೆಯ ಸಣ್ಣ ಕಚೇರಿ. ಬಳಕೆ ಮುಗಿದ ಕಂಪ್ಯೂಟರುಗಳನ್ನು ನಾಲ್ಕು ವರ್ಷಗಳಿಂದ ಒಂದೇ ವಿಲೇವಾರಿ ಸಂಸ್ಥೆಗೆ ಒಪ್ಪಿಸುತ್ತಾ ಬಂದಿದ್ದೇವೆ. ಆ ಹೊಣೆ ನನ್ನದು. ಒಯ್ಯುವುದು, ಅಳಿಸುವುದು, ಪುಡಿ ಮಾಡುವುದು, ಪ್ರಮಾಣಪತ್ರ ಕೊಡುವುದು ಎಂಬ ಸೇವಾಪಟ್ಟಿ ಎಲ್ಲ ಸಂಸ್ಥೆಗಳ ಕರಪತ್ರದಲ್ಲೂ ಇರುವಂಥದ್ದೇ ಆದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬರೆಯಬೇಕಾಗಿರುವುದು ಆ ಪ್ರಮಾಣಪತ್ರದಲ್ಲಿ ಇಲ್ಲದಿದ್ದ ಒಂದು ಕಾಲಮ್ಮಿನ ಬಗ್ಗೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ವಾಹನ ಬರುವ ಹಿಂದಿನ ಸಂಜೆ ಲ್ಯಾಪ್‌ಟಾಪುಗಳನ್ನೆಲ್ಲ ಸಭೆಯ ಮೇಜಿನ ಮೇಲೆ ಬೋರಲು ಹಾಕಿ, ಸವೆದ ಸೀರಿಯಲ್ ಸಂಖ್ಯೆಗಳನ್ನು ಟಾರ್ಚ್ ಹಿಡಿದು ಒಂದೊಂದಾಗಿ ಓದುತ್ತೇನೆ, ಸಹೋದ್ಯೋಗಿ ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಮೇಜಿನ ಮೇಲೆ ಸಮನಾಗಿ ಕೂರದೆ ತೊಟ್ಟಿಲಿನಂತೆ ತೂಗುವ ಯಂತ್ರ ಸಿಕ್ಕರೆ ಅದರ ಬ್ಯಾಟರಿ ಉಬ್ಬಿರಬಹುದು ಎಂದೇ ನಮ್ಮ ಅನುಮಾನ. ಅದನ್ನು ಚಾರ್ಜಿಗೆ ಹಾಕದೆ, ಅದರ ಮೇಲೆ ಏನನ್ನೂ ಪೇರಿಸದೆ ಬೇರೆಯಾಗಿ ಇಡುತ್ತೇವೆ. ಲಾರಿಯ ಕತ್ತಲೆಯಲ್ಲಿ ಲಿಥಿಯಂ ಬ್ಯಾಟರಿಯೊಂದು ಹೊತ್ತಿಕೊಳ್ಳುವ ಅಪಾಯ ದತ್ತಾಂಶ ಸೋರುವ ಅಪಾಯಕ್ಕಿಂತ ಸಣ್ಣದೇನಲ್ಲ. ಮರುದಿನ ಬರುವ ಸಿಬ್ಬಂದಿ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ, ಪೆಟ್ಟಿಗೆಗೆ ಮುದ್ರೆ ಬಿಗಿದು, ಮುದ್ರೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ತಿರುಗಿ ಹೇಳುತ್ತೇನೆ, ಬಳಿಕ ಇಬ್ಬರೂ ಸಹಿ ಹಾಕುತ್ತೇವೆ. ಈ ಕಾಲು ಗಂಟೆಯ ಶಿಸ್ತಿಗಾಗಿಯೇ ಮೊದಲ ವರ್ಷ ಕೇಳಿದವರಿಗೆಲ್ಲ ಈ ಸಂಸ್ಥೆಯನ್ನು ಶಿಫಾರಸು ಮಾಡಿದ್ದೆ.

ಎರಡನೆಯ ವರ್ಷ ಬಂದ ಪ್ರಮಾಣಪತ್ರವನ್ನು ವಹಿಯೊಂದಿಗೆ ತಾಳೆ ನೋಡುತ್ತಿದ್ದಾಗ, ಅದರಲ್ಲಿದ್ದ ಸಂಖ್ಯೆಗಳೆಲ್ಲವೂ ಯಂತ್ರದವು, ಒಳಗಿನ ಡಿಸ್ಕಿನದು ಒಂದೂ ಇಲ್ಲ ಎಂಬುದು ಕಣ್ಣಿಗೆ ಬಿತ್ತು. ನಮ್ಮ ಅರ್ಧಕ್ಕಿಂತ ಹೆಚ್ಚು ಲ್ಯಾಪ್‌ಟಾಪುಗಳ ಡಿಸ್ಕನ್ನು ಬಳಕೆಯ ಅವಧಿಯಲ್ಲೇ ಬದಲಿಸಿದ್ದೆವು. ಹೀಗಿರುವಾಗ ಇಂಥ ಯಂತ್ರವನ್ನು ಅಳಿಸಲಾಗಿದೆ ಎಂಬ ಮಾತಿಗೆ ಅರ್ಥವೇನು? ಗ್ರಾಹಕರ ಲೆಕ್ಕಪತ್ರ ಇದ್ದದ್ದು ಪ್ಲಾಸ್ಟಿಕ್ ಕವಚದಲ್ಲಲ್ಲ. ಕೇಳಿದರೆ, ಯಂತ್ರದ ಜೊತೆ ಡಿಸ್ಕೂ ಸೇರಿಯೇ ಇರುತ್ತದಲ್ಲ ಎಂಬ ಉತ್ತರ ಬಂತು.

ನಾಲ್ಕು ಪತ್ರಗಳಾದ ಮೇಲೆ ಅಳಿಸುವ ತಂತ್ರಾಂಶದ ಮೂಲ ದಾಖಲೆಯನ್ನೇ ಕಳುಹಿಸಿದರು. ಡಿಸ್ಕುಗಳ ಸಂಖ್ಯೆ ಅದರಲ್ಲಿ ತಾನಾಗಿಯೇ ದಾಖಲಾಗಿತ್ತು. ಪ್ರಮಾಣಪತ್ರಕ್ಕೆ ಇಳಿಸುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ, ಅಷ್ಟೆ. ಒಂದು ಡಿಸ್ಕ್ ಮಾತ್ರ ಅಲ್ಲೂ ಇರಲಿಲ್ಲ. ಅದು ಜೆರಾಕ್ಸ್ ಯಂತ್ರದ್ದು. ಕಚೇರಿಗಳಲ್ಲಿ ಬಳಸುವ ಅನೇಕ ದೊಡ್ಡ ಯಂತ್ರಗಳು ನಕಲು ತೆಗೆದ ಕಾಗದದ ಚಿತ್ರವನ್ನು ಒಳಗಿನ ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತವೆ. ನಮ್ಮದನ್ನು ಪ್ರಿಂಟರ್ ಎಂದು ಬರೆದುಕೊಂಡು ನೇರವಾಗಿ ಬಿಚ್ಚುವ ವಿಭಾಗಕ್ಕೆ ಕಳುಹಿಸಿದ್ದರು. ಹನ್ನೊಂದು ದಿನಗಳ ನಂತರ ಅದು ಅಲ್ಲಿನ ಕಪಾಟಿನಲ್ಲಿ, ಯಾರೂ ಮುಟ್ಟದ ಸ್ಥಿತಿಯಲ್ಲಿ ಸಿಕ್ಕಿತು. ಆ ಹನ್ನೊಂದು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ನಿದ್ದೆಗೆಡಲು ಕಾರಣವಿತ್ತು. ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕು ದತ್ತಾಂಶ ಕೇಂದ್ರಗಳನ್ನು ಮುಚ್ಚುವಾಗ, ದತ್ತಾಂಶ ನಾಶದ ಅನುಭವವೇ ಇಲ್ಲದ ಸಾಗಣೆ ಸಂಸ್ಥೆಗೆ ಕೆಲಸ ಒಪ್ಪಿಸಿತ್ತು. ಗ್ರಾಹಕರ ಮಾಹಿತಿ ಉಳಿದಿದ್ದ ಸಾಧನಗಳು ಕೊನೆಗೆ ಅಂತರಜಾಲದ ಹರಾಜಿಗೆ ಬಂದವು. ಅಮೆರಿಕದ ನಿಯಂತ್ರಕರು 2020ರಲ್ಲಿ 6 ಕೋಟಿ ಡಾಲರ್, 2022ರಲ್ಲಿ ಮತ್ತೆ 3.5 ಕೋಟಿ ಡಾಲರ್ ದಂಡ ವಿಧಿಸಿದ್ದು ಸಾಗಿಸಿದವರಿಗಲ್ಲ, ಬ್ಯಾಂಕಿಗೆ.

ಇನ್ನೊಂದು ಕಿರಿಕಿರಿಯನ್ನೂ ಹೇಳಬೇಕು. ಅವರ ಮಾರಾಟ ಪ್ರತಿನಿಧಿ ಕಾಂತಕ್ಷೇತ್ರದಿಂದ ಅಳಿಸುವ ಡಿಗಾಸರ್ ಯಂತ್ರವನ್ನು ಹೆಮ್ಮೆಯಿಂದ ತೋರಿಸಿ, ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಗೂ ಇದೇ ಸಾಕು ಎಂದರು. ಎಸ್‌ಎಸ್‌ಡಿಯಲ್ಲಿ ಮಾಹಿತಿ ಕಾಂತೀಯವಾಗಿ ಇರುವುದೇ ಇಲ್ಲ. ಹಳೆಯ ಮಾಹಿತಿಯ ಮೇಲೆ ಬೇರೆಯದನ್ನು ಬರೆದು ಅಳಿಸುವುದೂ ಅದಕ್ಕೆ ಪೂರ್ತಿ ಒಗ್ಗದು, ಏಕೆಂದರೆ ಅದರ ನಿಯಂತ್ರಕ ಚಿಪ್ ಕೆಲವು ಕೋಶಗಳನ್ನು ಬಳಕೆದಾರರ ಕೈಗೆ ಸಿಗದಂತೆ ಕಾಯ್ದಿರಿಸಿರುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 800-88 ಮಾರ್ಗಸೂಚಿ ಸಾಧಾರಣ ಅಳಿಸುವಿಕೆ, ಆಳದ ಶುದ್ಧೀಕರಣ, ನಾಶ ಎಂದು ಮೂರು ಹಂತಗಳನ್ನು ಬೇರ್ಪಡಿಸಿರುವುದು ಇಂಥ ಕಾರಣಗಳಿಗಾಗಿಯೇ. ಕರಾರಿನಲ್ಲಿ ಈ ಮಾರ್ಗಸೂಚಿಯ ಹೆಸರಿತ್ತು, ಓದಿದವರು ಇದ್ದಂತಿರಲಿಲ್ಲ.

ಆದರೂ ಸಂಸ್ಥೆಯನ್ನು ಬಿಟ್ಟಿಲ್ಲ. ಮೂರನೆಯ ವರ್ಷದಿಂದ ಪ್ರಮಾಣಪತ್ರದಲ್ಲಿ ಡಿಸ್ಕಿನ ಸಂಖ್ಯೆ, ಅಳಿಸಿದ ವಿಧಾನ, ತಾಳೆ ನೋಡಿದ ಫಲಿತಾಂಶ ಮೂರೂ ಬರುತ್ತಿವೆ, ಜೆರಾಕ್ಸ್ ಯಂತ್ರದ ಡಿಸ್ಕನ್ನು ನನ್ನೆದುರೇ ಬಿಚ್ಚಿ ಕೈಗಿಡುತ್ತಾರೆ. ತಪ್ಪನ್ನು ತಪ್ಪೆಂದು ಬರೆದು ಒಪ್ಪಿಕೊಂಡರು ಎಂಬುದೂ ನನ್ನ ಮನಸ್ಸು ಮೆತ್ತಗಾಗಲು ಕಾರಣ. ಕಚೇರಿಯ ಬಾಗಿಲಿಗೇ ಬಂದು ಪುಡಿ ಮಾಡುವ ವಾಹನ ತರಿಸುವಷ್ಟು ನಮ್ಮ ಕೈ ಉದ್ದವಿಲ್ಲ. ಅದಕ್ಕಾಗಿ ಹೊಸ ಯಂತ್ರ ಬಂದ ದಿನವೇ ಡಿಸ್ಕನ್ನು ಪೂರ್ತಿ ಗೂಢಲಿಪಿಗೆ (ಎನ್‌ಕ್ರಿಪ್ಶನ್) ಹಾಕುತ್ತೇವೆ. ವಿಲೇವಾರಿಯ ವೇಳೆ ಆ ಲಿಪಿಯನ್ನು ಬಿಡಿಸುವ ಡಿಜಿಟಲ್ ಕೀಲಿಯನ್ನು ನಾಶ ಮಾಡಿಯೇ ಎಸ್‌ಎಸ್‌ಡಿಗಳನ್ನು ಪುಡಿ ಮಾಡಲು ಕಳುಹಿಸುತ್ತೇವೆ. ಹಳೆಯ ಹಾರ್ಡ್‌ಡಿಸ್ಕುಗಳನ್ನು ಮಾತ್ರ ಅಳಿಸಿ ಮರುಮಾರಾಟಕ್ಕೆ ಬಿಡುತ್ತೇವೆ.

ಪುಡಿಯಾದ ಮೇಲಿನ ಕಥೆ ಇನ್ನೂ ಮಸುಕಾಗಿದೆ. 2025ರ ಜನವರಿ 1ರಿಂದ, ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ಪ್ರಕಾರ ಅಪಾಯಕಾರಿಯಲ್ಲದ ಇ-ತ್ಯಾಜ್ಯವನ್ನು ಗಡಿ ದಾಟಿಸಲೂ ಆಮದು ದೇಶದ ಪೂರ್ವಾನುಮತಿ ಬೇಕು. ಸರ್ಕ್ಯೂಟ್ ಬೋರ್ಡುಗಳು ಮೊದಲ ಮರುಬಳಕೆ ಘಟಕಕ್ಕೆ ಹೋದ ತೂಕದ ಚೀಟಿ ನಮಗೆ ಸಿಗುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೆ ಎಂಬುದು ಸಿಗುವುದಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಆ ಚೀಟಿಯ ಮುಂದಿನ ಪುಟವನ್ನು ಕೇಳಿ ಕಳೆದ ವಾರ ಐದನೆಯ ಪತ್ರ ಹಾಕಿದ್ದೇನೆ.