ಜಡಿಮಳೆಯಲ್ಲಿ ಕೇಳಿದ ಫ್ರಾಂಕೆನ್‌ಸ್ಟೈನ್

ಜುಲೈ ಮೂರನೇ ವಾರ. ಕೊಡಗಿನ ನಾಪೋಕ್ಲು ಕಡೆ ನಮಗೆ ಕರೆಂಟು ಹೋಗಿ ಮೂರು ದಿನವಾಗಿತ್ತು. ಭಾಗಮಂಡಲದಲ್ಲಿ ಸಂಗಮ ಮುಳುಗಿದೆಯಂತೆ ಎಂದು ಹಾಲಿನವನು ಹೇಳಿ ಹೋದ. ಇನ್ವರ್ಟರ್ ಎರಡನೆಯ ದಿನವೇ ಕೈಕೊಟ್ಟಿತ್ತು. ಮಗಳು ಬೆಂಗಳೂರಿಗೆ ಹೊರಡುವ ಮುನ್ನ ನನ್ನ ಮೊಬೈಲಿಗೆ ಇಳಿಸಿಕೊಟ್ಟಿದ್ದ ಪಾಡ್‌ಕಾಸ್ಟ್ ನೆನಪಾದದ್ದು ಆಗಲೇ.

ಇಬ್ಬರು ಗೆಳತಿಯರು ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು ಕನ್ನಡದಲ್ಲಿ, ಐದು ಕಂತುಗಳಲ್ಲಿ ಚರ್ಚಿಸುತ್ತಾರೆ. ಒಂದೊಂದು ಕಂತೂ ಮುಕ್ಕಾಲು ಗಂಟೆ. ಪಾಡ್‌ಕಾಸ್ಟಿನ ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ.

ನಾನು ಈ ಕಾದಂಬರಿಯನ್ನು ಬಿ.ಎ.ಯಲ್ಲಿ ಗೈಡಿನಲ್ಲಿ ಓದಿ ಪಾಸಾದವಳು. ಹಾಗಾಗಿ ಮೊದಲ ಕಂತೇ ನನಗೆ ಹೊಸದಾಗಿತ್ತು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದ ಆಕಾಶ ಮಂಕಾಗಿ, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಬೇಸಿಗೆ ಕಳೆಯಲು ಹೋದ ಐದು ಜನ ಮಳೆಗೆ ಸಿಕ್ಕಿ ಮನೆಯೊಳಗೇ ಕುಳಿತರು. ದೆವ್ವದ ಕತೆಗಳನ್ನು ಓದಿ ಓದಿ ಮುಗಿದಾಗ ಕವಿ ಬೈರನ್, ಎಲ್ಲರೂ ಒಂದೊಂದು ಕತೆ ಬರೆಯೋಣ ಎಂದ. ನಮ್ಮ ಕಡೆಯ ಐದು ಜನವಾಗಿದ್ದರೆ ಇಸ್ಪೀಟಿಗೆ ಕೂರುತ್ತಿದ್ದರು. ಮೇರಿಗೆ ಆಗ ಹದಿನೆಂಟು. ಪುಸ್ತಕ 1818ರ ಜನವರಿ 1ರಂದು ಬಂತು, ಬರೀ 500 ಪ್ರತಿ, ಲೇಖಕಿಯ ಹೆಸರೇ ಇಲ್ಲದೆ. ಇದನ್ನೆಲ್ಲ ಇವರು ಪಾಠದಂತೆ ಒಪ್ಪಿಸುವುದಿಲ್ಲ, ಜಗಲಿಯಲ್ಲಿ ಕುಳಿತು ಸಂಬಂಧಿಕರ ಮನೆಯ ಸುದ್ದಿ ಹೇಳುವಂತೆ ಹೇಳುತ್ತಾರೆ.

ಎರಡನೆಯ ಕಂತಿನಲ್ಲಿ ಎಡವಿದ್ದಾರೆ. ಕತೆಯ ನಾಯಕ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮಾಡಿದ ಜೀವಿಗೆ ಸಿಡಿಲಿನ ವಿದ್ಯುತ್ತಿನಿಂದ ಜೀವ ಬಂತು ಎಂದು ಒಬ್ಬಾಕೆ ಅಷ್ಟು ಖಚಿತವಾಗಿ ಹೇಳಿದಳೆಂದರೆ, ಅನುಮಾನ ಬಂದು ಮೇಣದಬತ್ತಿ ಹಿಡಿದು ಬೀರುವಿನಿಂದ ಮಗಳ ಪುಸ್ತಕ ತೆಗೆದೆ. ಸಿಡಿಲು ಬರುವುದು ವಿಕ್ಟರ್ ಹದಿನೈದರ ಹುಡುಗನಾಗಿದ್ದಾಗ, ಓಕ್ ಮರವೊಂದಕ್ಕೆ. ಜೀವ ಬಂದ ನವೆಂಬರ್ ರಾತ್ರಿ ಕಿಟಕಿಗೆ ಬಡಿಯುವ ಮಳೆ ಇದೆ, ಮುಗಿಯುತ್ತಾ ಬಂದ ಮೇಣದಬತ್ತಿ ಇದೆ, ಒಂದು ಕಿಡಿಯ ಮಾತೂ ಇದೆ. ಹೇಗೆ ಮಾಡಿದೆ ಎಂಬುದನ್ನು ಅವನು ಬಾಯಿಬಿಡುವುದಿಲ್ಲ. ಅವನು ಡಾಕ್ಟರೂ ಅಲ್ಲ, ಕಾಲೇಜು ಹುಡುಗ. ಸಿನಿಮಾ ನೋಡಿ ಪುಸ್ತಕದ ಬಗ್ಗೆ ಮಾತನಾಡಬಾರದು. ಗೈಡ್ ಓದಿದ ನಾನೇ ಹೀಗೆ ಹೇಳಬೇಕಾಗಿ ಬಂತು.

ಮೂರನೆಯ ಕಂತನ್ನು ಒಬ್ಬಳೇ ಕೇಳಲಿಲ್ಲ. ಕಣಿಲೆ, ಅಂದರೆ ಎಳೆ ಬಿದಿರು, ಬಂದಿತ್ತು. ಸಿಪ್ಪೆ ಬಿಡಿಸಿ, ಮೆಟ್ಟುಕತ್ತಿಯಲ್ಲಿ ತೆಳ್ಳಗೆ ಹೆಚ್ಚಿ, ಬಕೆಟ್ಟಿನ ನೀರಿಗೆ ಹಾಕುವುದಕ್ಕೆ ತೋಟದ ಕೆಲಸದವರ ಲೈನ್ ಮನೆಯ ಹೆಂಗಸು ಜೊತೆಗಿದ್ದಳು. ಅಸ್ಸಾಮಿನವಳು, ನಮ್ಮ ತೋಟಕ್ಕೆ ಬಂದು ನಾಲ್ಕು ವರ್ಷ. ಇಬ್ಬರ ಕೈಯೂ ಒದ್ದೆಯಾದ್ದರಿಂದ ಇಯರ್‌ಫೋನ್ ಬಿಟ್ಟು ಮೊಬೈಲನ್ನು ಪಾತ್ರೆಯೊಳಗೆ ಇಟ್ಟೆ. ಹೆಂಚಿನ ಮೇಲಿನ ಮಳೆಯ ಸದ್ದಿನ ನಡುವೆ ಹಾಗೆ ಇಟ್ಟರೆ ಸ್ವಲ್ಪ ಗಟ್ಟಿಯಾಗಿ ಕೇಳಿಸುತ್ತದೆ.

ಈ ಕಂತು ಪೂರ್ತಿ ಆ ಜೀವಿಯದು. ಹುಟ್ಟಿಸಿದವನೇ ಬಿಟ್ಟು ಓಡಿದ ಮೇಲೆ ಅದು ಒಂದು ಬಡ ಮನೆಗೆ ಅಂಟಿಕೊಂಡ ಗೂಡಿನಲ್ಲಿ ಅಡಗುತ್ತದೆ. ಗೋಡೆಯ ಸಂದಿನಿಂದ ಒಳಗಿನವರನ್ನು ನೋಡುತ್ತದೆ. ರಾತ್ರಿ ಕಾಡಿಗೆ ಹೋಗಿ ಸೌದೆ ತಂದು ಅವರ ಬಾಗಿಲಲ್ಲಿ ಇಟ್ಟು ಬರುತ್ತದೆ. ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತದೆ. ಮೊದಲು ಕಲಿತ ಮಾತುಗಳನ್ನು ನಿರೂಪಕಿ ನಿಧಾನವಾಗಿ ಒಂದೊಂದಾಗಿ ಓದಿದಳು: ಬೆಂಕಿ, ಹಾಲು, ರೊಟ್ಟಿ, ಸೌದೆ. ಓದಿ ಸುಮ್ಮನಾದಳು. ಈವರೆಗೆ ಕೇಳಿದ ಮೂರು ಕಂತುಗಳ ಪೈಕಿ ಈ ಮೌನಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

"ನನಗೆ ಮೊದಲು ಬಂದದ್ದು 'ಸಾಕು', ಅಕ್ಕ" ಎಂದಳು ಇವಳು, ತಲೆ ಎತ್ತದೆ. "ಆಮೇಲೆ ನೀರು. ಆಮೇಲೆ ಸಂಬಳ."

ನಗು ಬಂತು, ಅರ್ಧಕ್ಕೆ ನಿಂತಿತು. 'ಸಾಕು' ಎನ್ನುವುದನ್ನು ಅವಳು ಊಟ ಬಡಿಸುವಾಗ ಕಲಿತಳೋ, ಕೆಲಸ ಮುಗಿಸುವಾಗಲೋ, ಕೇಳಲಿಲ್ಲ.

ಕುರುಡ ಮುದುಕನೊಬ್ಬನೇ ಇರುವಾಗ ಆ ಜೀವಿ ಧೈರ್ಯ ಮಾಡಿ ಬಾಗಿಲು ತಟ್ಟುತ್ತದೆ. ಅವನಿಗೆ ಮುಖ ಕಾಣುವುದಿಲ್ಲವಲ್ಲ, ಕುಳಿತುಕೋ ಎನ್ನುತ್ತಾನೆ. ಮಾತು ನಡೆಯುತ್ತದೆ, ಹೊರಗೆ ಮಕ್ಕಳ ಹೆಜ್ಜೆ ಸದ್ದು, ನೀನು ಯಾರು ಎಂದು ಮುದುಕ ಕೇಳುತ್ತಾನೆ, ಅಲ್ಲಿಗೆ ಸರಿಯಾಗಿ ಹಾಸಿಗೆಯ ಜಾಹೀರಾತು! ಬೆನ್ನುನೋವಿಗೆ ರಿಯಾಯಿತಿ ದರದಲ್ಲಿ ಪರಿಹಾರವಂತೆ. ಕೈ ಒರೆಸಿಕೊಂಡು ಮುಂದೆ ತಳ್ಳಲು ಹೋಗಿ ನಾಲ್ಕು ನಿಮಿಷ ಹಾರಿಹೋಯಿತು, ಮತ್ತೆ ಹಿಂದೆ ತಂದೆ. ಜಾಹೀರಾತು ಹಾಕಲಿ, ಅವರಿಗೂ ಹೊಟ್ಟೆಪಾಡು ಇದೆ. ಕಂತಿನ ಮೊದಲಿಗೆ ಹಾಕಲಿ.

ಮಗ ಬಂದು ಕೋಲಿನಿಂದ ಹೊಡೆದು ಓಡಿಸುವಲ್ಲಿಗೆ ಕಂತು ಮುಗಿಯಿತು. ಮೊಬೈಲಿನಲ್ಲಿ ಒಂಬತ್ತು ಶೇಕಡಾ ಚಾರ್ಜು.

"ಅದಕ್ಕೆ ಹೆಸರೇನು?" ಎಂದಳು.

ಇಲ್ಲ, ಪುಸ್ತಕದ ಉದ್ದಕ್ಕೂ ಯಾರೂ ಹೆಸರಿಡುವುದಿಲ್ಲ ಎಂದೆ. ಫ್ರಾಂಕೆನ್‌ಸ್ಟೈನ್ ಎನ್ನುವುದು ಮಾಡಿದವನ ಹೆಸರು. ಈ ಗೆಳತಿಯರೂ ಅದನ್ನು ಮೊದಲ ಕಂತಿನಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ.

"ಆ ಮನೆಯವರು?"

"ಹೆದರಿ ಮನೆ ಖಾಲಿ ಮಾಡಿಕೊಂಡು ಹೋಗುತ್ತಾರೆ."

ಅವಳು ಕಣಿಲೆಯ ಬುಡದ ಗಟ್ಟಿ ಭಾಗವನ್ನು ಕತ್ತರಿಸಿ ಆಚೆ ಎಸೆದಳು. "ಹಾಗಾದರೆ ಅದು ಆ ಮನೆಗೆ ಬೆಂಕಿ ಹಾಕಿರುತ್ತದೆ" ಎಂದಳು.

ಹಾಕುತ್ತದೆ. ಪುಸ್ತಕದಲ್ಲಿ ಹಾಗೆಯೇ ಇದೆ. ನಾಲ್ಕನೆಯ ಕಂತು ಮೊಬೈಲಿನಲ್ಲಿದೆ, ಐದನೆಯದು ಅರ್ಧ ಇಳಿದು ನಿಂತಿದೆ. ನಾಳೆ ಮಳೆ ಸ್ವಲ್ಪ ಬಿಟ್ಟರೆ ನಾಪೋಕ್ಲು ಪೇಟೆಗೆ ಹೋಗಿ, ಜನರೇಟರ್ ಇರುವ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ, ಉಳಿದದ್ದನ್ನು ಇಳಿಸಿಕೊಂಡು ಬರಬೇಕು. ತಾನಿಲ್ಲದೆ ಕೇಳಬೇಡ ಎಂದು ಅವಳು ಹೇಳಿ ಹೋಗಿದ್ದಾಳೆ.